ಒಂಬತ್ತೂವರೆ ಎಂಎಂ

ಮಹಡಿಯ ದೊಡ್ಡ ಕೋಣೆಯನ್ನು ಎರಡು ಮಾಡಬೇಕು ಅನ್ನುವುದಕ್ಕೆ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ. ತಕರಾರು ಎದ್ದದ್ದು ನಡುವೆ ಬರುವ ಗೋಡೆ ಎಷ್ಟು ದಪ್ಪ ಇರಬೇಕು ಅನ್ನುವುದರ ಮೇಲೆ. ಎದ್ದದ್ದು ಅಂದರೆ ಬಡಿಸಿದ ಅನ್ನ ಆರಿ ತಣ್ಣಗಾಗುವಷ್ಟು ಎದ್ದಿತು.

ಆ ಕೋಣೆ ಇಷ್ಟು ವರ್ಷ ಹಿರಿಯ ಸೊಸೆಯದಾಗಿತ್ತು. ಮನೆಯಲ್ಲೂ ಬೀದಿಯಲ್ಲೂ ಅವಳನ್ನು ಎಲ್ಲರೂ ದೊಡ್ಡವಳು ಅಂತಲೇ ಕರೆಯುತ್ತಿದ್ದರು. ಅವಳಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೀದಿ ಮಲಗುವ ಹೊತ್ತಿಗೆ ಭಟ್ಟಿಗೆ ಟ್ರೇ ತಳ್ಳಲು ನಿಂತರೆ, ಬೀದಿ ಏಳುವ ಹೊತ್ತಿಗೆ ಕೈಕಾಲು ಕಳಚಿ ಬೀಳುವ ಹಾಗಾಗಿ ಮನೆ ಸೇರುತ್ತಿದ್ದಳು. ಸೇರಿದವಳು ತಿಂಡಿ ಮಾಡಿ, ಮಗಳನ್ನು ಕಾಲೇಜಿಗೆ ಅಟ್ಟಿ, ಗಂಡನ ಡಬ್ಬಿ ಕಟ್ಟಿ ಆಮೇಲೆ ಹಾಸಿಗೆ ಕಾಣಬೇಕು. ಅವಳ ಪಾಲಿಗೆ ಹಗಲೇ ರಾತ್ರಿ.

ಈಗ ಕೋಣೆಯಲ್ಲಿ ಅರ್ಧ ಮೈದುನನಿಗೂ ಅವನ ಹೆಂಡತಿಗೂ ಹೋಗಬೇಕಿತ್ತು. ಮದುವೆಯಾದ ಮೇಲೆ ಅವರು ಊರಿನ ಆ ತುದಿಯಲ್ಲಿ ಬಾಡಿಗೆಗಿದ್ದರು. ಇದ್ದಕ್ಕಿದ್ದ ಹಾಗೆ ಗಂಟುಮೂಟೆ ಕಟ್ಟಿಕೊಂಡು ಬಂದರು. "ಓನರಿಗೆ ಮನೆ ಬೇಕಂತೆ" ಅಂದಿದ್ದ ಮೈದುನ. ಬೈಕ್ ಶೋರೂಮಿನಲ್ಲಿ ಅವನ ಕೆಲಸ. ಒಮ್ಮೆಯೂ ಗಂಟಲು ಏರಿಸಿ ಮಾತಾಡಿದವನಲ್ಲ. ಬರುವಾಗ ಅಮ್ಮನಿಗೆ ಹಣ್ಣು, ಅಪ್ಪನಿಗೆ ಪೇಪರು, ಅಣ್ಣನ ಮಗಳಿಗೆ ಒಂದು ಜೋಕು, ಇವಿಷ್ಟಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಬೀದಿಯವರು ಅವನಿಗೆ ಸಕ್ಕರೆ ಬಾಯಿ ಅಂತ ಹೆಸರಿಟ್ಟಿದ್ದರು.

ಬೋರ್ಡ್ ಮೇಸ್ತ್ರಿ ಊಟದ ಹೊತ್ತಿಗೇ ಬಂದ. ಜಿಪ್ಸಂ ಬೋರ್ಡಿನ ಮೂರು ತುಂಡುಗಳನ್ನು ಊಟದ ಮೇಜಿನ ಮೇಲೆ ಅನ್ನದ ಪಾತ್ರೆಯ ಪಕ್ಕ ಸಾಲಾಗಿ ಇಟ್ಟ.

"ಇದು ಒಂಬತ್ತೂವರೆ ಎಂಎಂ, ಇದು ಹನ್ನೆರಡೂವರೆ, ಇದು ಹದಿನೈದು. ತೆಳುವಾದ್ದು ಸೀಲಿಂಗಿಗೆ. ಗೋಡೆಗೆ ಹನ್ನೆರಡೂವರೆ ಇರಲೇಬೇಕು. ಸದ್ದು ಬರಬಾರದು ಅಂದ್ರೆ ಹದಿನೈದರದ್ದು ಎರಡೆರಡು ಪದರ, ನಡುವೆ ಗ್ಲಾಸ್ ವೂಲ್."

"ಅದೇ ಹಾಕಿ," ಅಂದಳು ದೊಡ್ಡವಳು. "ಹದಿನೈದು, ಎರಡು ಪದರ. ನಡುವೆ ಅದೇನೋ ಅಂದ್ರಲ್ಲ, ಅದನ್ನೂ ತುಂಬಿ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಅವರು ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಕೆಲಸದಿಂದ ನಿವೃತ್ತರಾಗಿದ್ದರೂ ಗಂಟಲು ಇನ್ನೂ ನಿವೃತ್ತಿ ತಗೊಂಡಿರಲಿಲ್ಲ.

"ಏನಮ್ಮಾ, ಮನೆಯೊಳಗೆ ಕೋಟೆ ಕಟ್ಟಿಸ್ತೀಯಾ?"

"ಕೋಟೆ ಯಾಕೆ ಮಾವ? ನನಗೆ ನಿದ್ದೆ ಬೇಕು."

"ಅಣ್ಣ ತಮ್ಮಂದಿರ ನಡುವೆ ಗೋಡೆ ಬರೋದೇ ನನಗೆ ಹೊಟ್ಟೆ ಉರಿ. ಅದರಲ್ಲಿ ಎರಡು ಪದರ ಬೇರೆ! ಈ ಕಡೆಯವರು ಕೆಮ್ಮಿದ್ರೆ ಆ ಕಡೆಯವರು ನೀರು ತಂದುಕೊಡಬೇಕು. ಅದಕ್ಕೆ ಮನೆ ಅನ್ನೋದು."

"ಅಜ್ಜಾ, ನೀವು ಕೆಮ್ಮಿದ್ರೆ ಮೂರನೇ ಮನೆಯವರು ನೀರು ತರ್ತಾರೆ," ಅಂದಳು ಮೊಮ್ಮಗಳು.

"ನೀನು ಸುಮ್ಮನೆ ಉಣ್ಣು."

"ಅಪ್ಪಾ, ಅತ್ತಿಗೆ ಹೇಳೋದ್ರಲ್ಲಿ ತಪ್ಪೇನಿದೆ?" ಮೈದುನ ಮೆಲ್ಲಗೆ ಬಾಯಿ ಹಾಕಿದ. "ಪಾಪ, ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತು ಬರ್ತಾರೆ. ದಪ್ಪದ್ದೇ ಹಾಕಿಸೋಣ. ನಮ್ಮಿಂದ ಅವರಿಗೆ ತೊಂದರೆ ಯಾಕೆ?"

ದೊಡ್ಡವಳಿಗೆ ಕಣ್ಣು ತುಂಬಿ ಬಂದಂತಾಯಿತು. ಕಟ್ಟಿಕೊಂಡ ಗಂಡ ಪಕ್ಕದಲ್ಲೇ ಕೂತು ಆಲೂಗಡ್ಡೆ ಹಿಸುಕುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ ಅವನು ಎಂಜಿನ್ನಿನ ಜೊತೆ ಇಡೀ ದಿನ ವಾದ ಮಾಡಿಯಾನು, ಅಪ್ಪನ ಎದುರು "ನೋಡೋಣ" ಅನ್ನುವ ಮಾತು ಬಿಟ್ಟರೆ ಬೇರೆ ಆಡಿದವನಲ್ಲ. ಈಗಲೂ "ನೋಡೋಣ" ಅಂದ.

ಆಗ ಬಾಯಿ ಬಿಟ್ಟವಳು ಓರಗಿತ್ತಿ. ಬಂದ ದಿನದಿಂದ ನಾಲ್ಕು ಮಾತು ಕೂಡಿಸಿ ಆಡದ ಹುಡುಗಿ, ಮನೆಯವರಿಗೆಲ್ಲ ಚಿಕ್ಕವಳು.

"ತೆಳುವೇ ಇರಲಿ."

ಎಲ್ಲರೂ ತಿರುಗಿ ನೋಡಿದರು. ಮೈದುನನೂ ನೋಡಿದ.

"ಯಾಕೆ? ನಿನಗೇನು ಕಷ್ಟ ದಪ್ಪ ಇದ್ರೆ?" ದೊಡ್ಡವಳು ಕೇಳಿದಳು.

"ನನಗೆ... ಮುಚ್ಚಿಟ್ಟ ಹಾಗಾಗತ್ತೆ ಅಕ್ಕ."

"ತೆಳುವೇ ಸಾಕು," ಅಂದರು ಅತ್ತೆ ಸಾರಿನ ಪಾತ್ರೆಯ ಕಡೆ ಮುಖ ಮಾಡಿ. "ಅವಳೂ ಅದನ್ನೇ ಹೇಳ್ತಿದಾಳಲ್ಲ."

"ಭೇಷ್!" ಮಾವ ಮೇಜು ಕುಟ್ಟಿದರು. "ನಿನ್ನೆ ಮೊನ್ನೆ ಬಂದ ಹುಡುಗಿಗಿರೋ ಬುದ್ಧಿ ನೋಡು. ಮೇಸ್ತ್ರಿ, ಒಂಬತ್ತೂವರೆ ಹಾಕಪ್ಪ."

"ತೆಳುವಾದ್ರೂ ನಡೆಯತ್ತೆ ಸಾರ್," ಅಂದ ಮೇಸ್ತ್ರಿ. ಕೊನೆಗೆ ಮಾತಾಡಿದವರ ಕಡೆ ವಾಲುವ ಜಾತಿಯವನು. "ಹಗುರ. ಕೆಲಸ ಬೇಗ ಆಗತ್ತೆ."

"ಈಗ ತಾನೇ ಸೀಲಿಂಗಿಗೆ ಅಂದ್ರಿ!" ದೊಡ್ಡವಳ ದನಿ ಏರಿತು. "ನನ್ನ ಕೋಣೆ ಅರ್ಧ ಕೊಟ್ಟೆ, ಬೀರು ಕೊಟ್ಟೆ, ಕಿಟಕಿ ಇರೋ ಕಡೆ ಕೊಟ್ಟೆ. ಕೇಳಿದ್ದು ಒಂದು ಗೋಡೆ. ಅದಕ್ಕೂ ಗತಿ ಇಲ್ವಾ ನನಗೆ?"

ಅವಳು ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಕೈ ತೊಳೆದು, ಪಾಳಿಗೆ ಹೊರಟುಹೋದಳು. ದಾರಿಯುದ್ದಕ್ಕೂ ಅವಳ ಕಣ್ಣ ಮುಂದಿದ್ದದ್ದು ಮಾವನಲ್ಲ, ಚಿಕ್ಕವಳ ತಗ್ಗಿಸಿದ ಮುಖ. ಹಾಲು ಕುಡಿಯುವ ಬೆಕ್ಕಿನ ಹಾಗಿದ್ದಾಳೆ, ಗೀರುವುದು ಮಾತ್ರ ಸರಿಯಾದ ಜಾಗಕ್ಕೇ ಅಂದುಕೊಂಡಳು.

ಗೋಡೆ ಎದ್ದಿತು. ತಗಡಿನ ಪಟ್ಟಿಗಳನ್ನು ದೂರದೂರಕ್ಕೆ ನಿಲ್ಲಿಸಿ, ಎರಡೂ ಕಡೆ ತೆಳು ಬೋರ್ಡು ಬಿಗಿದು, ಜೋಡಣೆಗೆ ಪುಟ್ಟಿ ಬಳಿದು, ಬಿಳಿ ಬಣ್ಣ ಹೊಡೆದ ಮೇಸ್ತ್ರಿ. ನೋಡುವುದಕ್ಕೆ ಗೋಡೆಯ ಹಾಗೇ ಇತ್ತು. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಗಂಡ ಮಗಳ ಪುಸ್ತಕಕ್ಕೆ ಒಂದು ಹಲಗೆ ಹೊಡೆಯಲು ಹೋದ. ಸ್ಕ್ರೂ ಬಿಳಿ ಪುಡಿ ಉದುರಿಸಿಕೊಂಡು ಹೊರಗೇ ಬಂತು. "ನೋಡೋಣ" ಅಂದು ಹಲಗೆಯನ್ನು ಮಂಚದ ಕೆಳಗೆ ತಳ್ಳಿದ.

"ಅಮ್ಮಾ, ಆ ಕಡೆ ಚಿಕ್ಕಪ್ಪ ಆಕಳಿಸಿದ್ರೆ ಈ ಕಡೆ ನನ್ನ ಬಾಯಿ ತೆರೆಯತ್ತೆ," ಅಂದಳು ಮಗಳು.

ದೊಡ್ಡವಳಿಗೆ ನಗು ಬರಲಿಲ್ಲ. ಅವಳು ಮಲಗುವ ಹೊತ್ತಿಗೆ ಸರಿಯಾಗಿ ಆ ಕಡೆ ಚಿಕ್ಕವಳ ಹೊಲಿಗೆ ಮಿಷನ್ ಶುರುವಾಗುತ್ತಿತ್ತು. ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತಿದ್ದಳು ಅವಳು. ಮಿಷನ್ ತುಳಿದರೆ ಬೋರ್ಡು ನಡುಗಿ ಮಂಚಕ್ಕೆ ಬಂದು, ಮಂಚದಿಂದ ತಲೆಬುರುಡೆಗೆ ಏರುತ್ತಿತ್ತು. ಕೆಳಗಿನಿಂದ ಮಾವನ ಟಿವಿ ಬೇರೆ. ತಲೆದಿಂಬನ್ನು ಕಿವಿಯ ಮೇಲಿಟ್ಟು ಮಲಗಿದಳು, ಹತ್ತಿ ತುರುಕಿಕೊಂಡು ಮಲಗಿದಳು, ಕೊನೆಗೆ ಎದ್ದು ಹೋಗಿ ಪಕ್ಕದ ಬಾಗಿಲು ಗುದ್ದಿದಳು.

"ಮಿಷನ್ ನಿಲ್ಲಿಸ್ತೀಯೋ, ಇಲ್ಲಾ ಕೆಳಗೆ ಎಸೀಲೋ?"

"ಅರ್ಜೆಂಟ್ ಇತ್ತು ಅಕ್ಕ. ಕೆಳಗೆ ಹಾಲಿನಲ್ಲಿ ಇಟ್ಕೊಳ್ತೀನಿ ಅಂದ್ರೆ ಮಾವ—"

"ತೆಳು ಗೋಡೆ ಬೇಕು ಅಂದೋಳು ನೀನು. ಈಗ ಮಾವನ ಹೆಸರು ಹೇಳ್ಬೇಡ."

ಚಿಕ್ಕವಳು ಮಿಷನ್ನಿಗೆ ಬಟ್ಟೆ ಹೊದಿಸಿದಳು. ದೊಡ್ಡವಳು ಹಾಸಿಗೆಗೆ ಬಂದು ಬಿದ್ದಳು. ನಿದ್ದೆ ಬರಲಿಲ್ಲ, ಸಿಟ್ಟು ಮಾತ್ರ ಬಂತು.

ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಅಡುಗೆಮನೆಯಲ್ಲಿ ಒಬ್ಬರ ಕೈಯಿಂದ ಒಬ್ಬರು ಸೌಟು ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬಳು ಕೆಳಗಿಟ್ಟರೆ ಇನ್ನೊಬ್ಬಳು ಎತ್ತಿಕೊಳ್ಳಬೇಕು. "ಅವಳಿಗೆ ಹೇಳು ಪಾತ್ರೆ ನೆನೆಹಾಕು ಅಂತ" ಅಂತ ದೊಡ್ಡವಳು ಮಗಳ ಮುಂದೆ ಹೇಳುವುದು, ಮಗಳು ಅಲ್ಲೇ ನಿಂತಿರುವ ಚಿಕ್ಕಮ್ಮನಿಗೆ ದಾಟಿಸುವುದು.

"ನಾನೇನು ಪೋಸ್ಟಾಫೀಸಾ?" ಒಂದು ದಿನ ಮಗಳು ಸಿಡಿದಳು. "ಇಬ್ಬರಿಗೂ ಬಾಯಿದೆ, ಆಡ್ಕೊಳ್ಳಿ."

"ನಿನ್ನ ಬಾಯಿ ಜಾಸ್ತಿ ಆಯ್ತು."

"ಮನೇಲಿ ಸ್ಟಾಕ್ ಇರೋದು ಅದೊಂದೇ ಅಲ್ವಾ!"

ಹೀಗೇ ವಾರಗಳು ಕಳೆದವು. ದೊಡ್ಡವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತು. ಕಾರ್ಖಾನೆಯಲ್ಲಿ ಟ್ರೇ ಎಣಿಕೆ ತಪ್ಪತೊಡಗಿತು. ಒಂದು ಪಾಳಿಯಲ್ಲಿ ನಿಂತಲ್ಲೇ ರೆಪ್ಪೆ ಕೂಡಿತು. ಭಟ್ಟಿಯಿಂದ ಎಳೆದ ಟ್ರೇ ಜಾರಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒರಗಿತು. ಚರ್ಮ ಟ್ರೇಗೆ ಅಂಟಿಕೊಂಡು ಬಂತು.

ಬ್ಯಾಂಡೇಜು ಸುತ್ತಿದ ಕೈ ಹಿಡಿದುಕೊಂಡು ಮನೆಗೆ ಬಂದಾಗ ಗಂಡ ಮೊದಲ ಸಲ ಅಪ್ಪನ ಎದುರು ದನಿ ಎತ್ತಿದ. "ಇದಕ್ಕೇನಪ್ಪಾ ಹೇಳ್ತೀರಿ? ನೀರು ತಂದುಕೊಡ್ತೀರಾ ಈಗ?"

ಮಾವ ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಮಾತಿಗೆ ಬಂದವನು ಮೈದುನ. "ಅಣ್ಣಾ, ಬಿಡು. ನಾನು ಮೇಸ್ತ್ರಿಗೆ ಹೇಳ್ತೀನಿ. ಇರೋ ಗೋಡೆ ಮೇಲೇನೇ ಎರಡೂ ಕಡೆ ಹದಿನೈದರದ್ದು ಇನ್ನೊಂದು ಪದರ ಕೂರಿಸ್ಲಿ, ಒಳಗೆ ಗ್ಲಾಸ್ ವೂಲ್ ತುಂಬಿಸ್ಲಿ. ಈ ಭಾನುವಾರಾನೇ. ಅತ್ತಿಗೆ, ನೀವು ನಿಶ್ಚಿಂತೆಯಾಗಿರಿ. ಬಾಂಬ್ ಬಿದ್ರೂ ಕೇಳಿಸ್ಬಾರ್ದು, ಹಾಗೆ ಮಾಡಿಸ್ತೀನಿ."

ಮಾರನೆಯ ದಿನವೇ ಬೋರ್ಡುಗಳು ಬಂದು ವರಾಂಡದಲ್ಲಿ ಗೋಡೆಗೆ ಒರಗಿ ನಿಂತವು. ಈ ಮನೆಯಲ್ಲಿ ತನ್ನ ಕಷ್ಟ ಅರ್ಥವಾಗಿದ್ದು ಈ ಹುಡುಗನೊಬ್ಬನಿಗೆ ಅಂತ ದೊಡ್ಡವಳಿಗೆ ಅನಿಸಿತು. ರಜೆಯಲ್ಲಿ ಮನೆಯಲ್ಲಿದ್ದವಳು ಒಂದೇ ಕೈಯಲ್ಲಿ ಬೇಳೆ ಆರಿಸುತ್ತಿದ್ದಾಗ ಚಿಕ್ಕವಳು ಪಕ್ಕ ಬಂದು ಕುಳಿತಳು. ಇಷ್ಟು ದಿನದ ಮೇಲೆ ಅವಳಾಗಿ ಮಾತಾಡಿದಳು.

"ಅಕ್ಕ, ಗೋಡೆ ಹೀಗೇ ಇರಲಿ. ಮಿಷನ್ ಮಾರಿಬಿಡ್ತೀನಿ. ನೀವು ಮಲಗಿರೋವಾಗ ಉಸಿರು ಕೂಡ ಗಟ್ಟಿಯಾಗಿ ಬಿಡಲ್ಲ. ದಪ್ಪದ್ದು ಮಾತ್ರ ಬೇಡ."

"ನಿನಗೆ ಮನುಷ್ಯತ್ವ ಅನ್ನೋದು ಇದೆಯಾ?" ದೊಡ್ಡವಳು ಬ್ಯಾಂಡೇಜಿನ ಕೈ ಅವಳ ಮುಖದ ಹತ್ತಿರ ಹಿಡಿದಳು. "ಇದನ್ನ ನೋಡಿ ಹೇಳು."

ಚಿಕ್ಕವಳು ಕೈಯನ್ನು ನೋಡಿದಳು. ಏನೋ ಹೇಳಲು ತುಟಿ ತೆರೆದಳು. ಅಷ್ಟರಲ್ಲಿ ಅತ್ತೆ ಕುಂಟುತ್ತಾ ಒಳಗೆ ಬಂದರು. ಚಿಕ್ಕವಳು ಎದ್ದು ಹೋದಳು.

ಸಂಜೆ ಮೈದುನ ಬಂದಾಗ ದೊಡ್ಡವಳು ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿದಳು. "ನಿನ್ನ ಹೆಂಡತಿಗೆ ಸ್ವಲ್ಪ ಬುದ್ಧಿ ಹೇಳಪ್ಪ. ಮತ್ತೆ ಬಂದು ದಪ್ಪ ಬೇಡ, ದಪ್ಪ ಬೇಡ ಅಂತ ಪ್ರಾಣ ತಿಂತಾಳೆ. ಏನು ಹಟಾನೋ!"

"ಹೌದಾ ಅತ್ತಿಗೆ?" ಅವನು ನಕ್ಕ. "ನಾನು ಹೇಳ್ತೀನಿ ಬಿಡಿ."

ಅದಾದ ಮರುದಿನ ಮಧ್ಯಾಹ್ನ ದೊಡ್ಡವಳು ಡ್ರೆಸಿಂಗ್ ಬದಲಿಸಲು ಆಸ್ಪತ್ರೆಗೆ ಹೊರಟಳು. ಅತ್ತೆಯ ಮಂಡಿ ತೋರಿಸಬೇಕೆಂದು ಮಾವನೂ ಅತ್ತೆಯೂ ಜೊತೆಗೇ ಬಂದರು. ಅಲ್ಲಿ ಕೈಯವರ ಸಾಲು ಚಿಕ್ಕದು, ಮಂಡಿಯವರ ಸಾಲು ಬಾಗಿಲಾಚೆಗೂ ಇತ್ತು. "ನೀನು ಹೋಗಿ ಮಲಗಮ್ಮ" ಅಂದರು ಮಾವ. ಅವಳು ಒಬ್ಬಳೇ ವಾಪಸು ಬಂದು, ಹೊರಗಿನ ಮೆಟ್ಟಿಲಿನಿಂದ ಮಹಡಿ ಹತ್ತಿ, ಚಪ್ಪಲಿ ಬಿಟ್ಟು ಹಾಸಿಗೆಗೆ ಒರಗಿದಳು. ಮಿಷನ್ನಿನ ಸದ್ದಿರಲಿಲ್ಲ. ಸದ್ಯ ಅಂದುಕೊಂಡು ಕಣ್ಣು ಮುಚ್ಚಿದಳು.

ಗೋಡೆಯ ಆಚೆ ಮೈದುನನ ದನಿ ಕೇಳಿಸಿತು. ಈ ಹೊತ್ತಿನಲ್ಲಿ ಅವನು ಮನೆಯಲ್ಲಿರುವವನಲ್ಲ. ಎಂದಿನಂತೆ ಮೆತ್ತಗಿನ ದನಿ, ಮಗುವಿಗೆ ಪಾಠ ಹೇಳಿಕೊಟ್ಟ ಹಾಗೆ.

"ಎಲ್ಲ ಆಸ್ಪತ್ರೆಗೆ ಹೋಗಿದಾರೆ. ಅತ್ತಿಗೆ ಹತ್ರ ಹೋಗಿ ಬೇಡಿಕೊಂಡ್ಯಂತೆ. ಏನಂತ ಬೇಡಿಕೊಂಡೆ? ನನಗೂ ಹೇಳು."

ಚಿಕ್ಕವಳ ಮಾತು ಕೇಳಿಸಲಿಲ್ಲ.

"ಇಷ್ಟು ದಿನ ನಿನ್ನ ಮೈ ಮುಟ್ಟಿದೀನಾ? ಇಲ್ಲ ತಾನೇ? ಯಾಕೆ ಗೊತ್ತಾ? ಈ ಬೋರ್ಡು. ನೀನು ಬುದ್ಧಿವಂತೆ ಅಂದ್ಕೊಂಡಿದೀಯ ಅಲ್ವಾ? ಭಾನುವಾರ ಕಳೀಲಿ. ಗೋಡೆ ದಪ್ಪ ಆಗ್ಲಿ. ಆಮೇಲೆ ಆ ಬಾಡಿಗೆ ಮನೇಲಿ ನಡೆದಿದ್ದೆಲ್ಲ ಏನೂ ಅಲ್ಲ ಅನ್ನಿಸ್ಬೇಕು ನಿನಗೆ."

ದೊಡ್ಡವಳು ಎದ್ದು ಕುಳಿತಳು. ಕೇಳಿದ್ದನ್ನು ತಲೆ ಒಪ್ಪುತ್ತಿರಲಿಲ್ಲ. ಅಷ್ಟರಲ್ಲಿ ಧಡ್ ಅಂತ ಸದ್ದಾಯಿತು. ಗೋಡೆ ಅವಳ ಕಡೆಗೆ ಉಬ್ಬಿ ಬಂದು ಮಂಚದ ತಲೆಗೆ ಬಡಿಯಿತು. ಜೋಡಣೆ ಬಿರಿದು ಪುಟ್ಟಿಯ ಪುಡಿ ದಿಂಬಿನ ಮೇಲೆ ಉದುರಿತು. ಇನ್ನೊಮ್ಮೆ ಧಡ್. ಅದು ಕೈ ಬಡಿದ ಸದ್ದಲ್ಲ, ಕಾಲು ಒದ್ದ ಸದ್ದಲ್ಲ. ಒಂದು ಬೆನ್ನು, ಒಂದು ತಲೆ ಬಂದು ಅಪ್ಪಳಿಸಿದ ಸದ್ದು. ಅಳು ಮಾತ್ರ ಇರಲಿಲ್ಲ. ಅಳದೇ ಇರುವುದನ್ನು ಅಭ್ಯಾಸ ಮಾಡಿಕೊಂಡವರು ಮಾತ್ರ ಹಾಗೆ ಇರಬಲ್ಲರು.

ಅವಳು ಓಡಿ ಹೋಗಿ ಪಕ್ಕದ ಬಾಗಿಲು ತಳ್ಳಿದಳು. ಒಳಗಿನಿಂದ ಚಿಲಕ. "ತೆಗಿ ಬಾಗಿಲು!" ಅಂದಳು. ಚಿಲಕ ಸರಿಯಲಿಲ್ಲ. ವಾಪಸು ಬಂದು ಮಂಚದ ಕೆಳಗೆ ಕೈ ಹಾಕಿದಳು. ಗಂಡನ ಸಾಮಾನಿನ ಪೆಟ್ಟಿಗೆಯಲ್ಲಿ ಲಾರಿ ಚಕ್ರ ಬಿಚ್ಚುವ ಉದ್ದದ ಸ್ಪ್ಯಾನರ್ ಸಿಕ್ಕಿತು. ಗಾಯದ ಕೈಯನ್ನೂ ಸೇರಿಸಿ ಎರಡೂ ಕೈಯಲ್ಲಿ ಎತ್ತಿ, ಬಿರುಕಿನಿಂದ ಒಂದು ಮಾರು ಆಚೆ ಗೋಡೆಗೆ ಬೀಸಿದಳು.

ಒಂದೇ ಏಟಿಗೆ ಈ ಕಡೆಯ ಬೋರ್ಡು ಬಿಸ್ಕತ್ತಿನ ಹಾಗೆ ಒಡೆಯಿತು. ಇನ್ನೊಂದು ಏಟಿಗೆ ಆ ಕಡೆಯದೂ ಹೋಯಿತು. ಬಿಳಿ ಧೂಳಿನ ನಡುವೆ ತಲೆ ಹಿಡಿಸುವಷ್ಟು ತೂತು. ತೂತಿನ ಆಚೆ ಚಿಕ್ಕವಳ ಜಡೆ ಮೈದುನನ ಮುಷ್ಟಿಯಲ್ಲಿತ್ತು.

"ಕೈ ತೆಗಿ."

"ಅತ್ತಿಗೆ..." ಅವನು ಆಗಲೂ ದನಿ ಏರಿಸಲಿಲ್ಲ. "ಇದು ಗಂಡ ಹೆಂಡತಿ ವಿಷಯ. ನೀವು ಹೋಗಿ ಮಲಗಿ."

"ಕೈ ತೆಗೆದು ಬಾಗಿಲು ತೆಗಿ ಅಂದೆ. ಇಲ್ಲಾಂದ್ರೆ ಈ ತೂತು ಬಾಗಿಲಾಗೋವರೆಗೂ ಒಡೀತೀನಿ. ಆಮೇಲೆ ಇದೇ ಸ್ಪ್ಯಾನರ್ ಎಲ್ಲಿಗೆ ಬೀಳತ್ತೆ ಅಂತ ನನಗೂ ಗೊತ್ತಿಲ್ಲ."

ಮುಷ್ಟಿ ಸಡಿಲಾಯಿತು. ಬಾಗಿಲು ತೆಗೆದದ್ದು ಚಿಕ್ಕವಳೇ. ಹೊರಗೆ ಬಂದು ಅಕ್ಕನ ಪಕ್ಕ ನಿಂತಳು. ದೊಡ್ಡವಳ ಬ್ಯಾಂಡೇಜು ರಕ್ತದಲ್ಲಿ ನೆನೆದಿತ್ತು. ಅದನ್ನು ಮೊದಲು ನೋಡಿದವಳೂ ಚಿಕ್ಕವಳೇ.

ಅಂದು ಸಂಜೆ ಕೆಳಗಿನ ಹಾಲಿನಲ್ಲಿ ಎಲ್ಲರೂ ಸೇರಿದರು. ಒಲೆ ಹಚ್ಚಿದವರಿಲ್ಲ. ಮಾವ ಮಹಡಿಗೆ ಹೋಗಿ ನೋಡಿ ಬಂದವರೇ ಶುರು ಮಾಡಿದರು.

"ಹೊಸ ಗೋಡೆ! ಬಣ್ಣದ ವಾಸನೆ ಕೂಡ ಹೋಗಿಲ್ಲ. ಹಾಗೆ ಒಡೆದು ಹಾಕ್ತಾರಾ? ಮಾತಾಡೋಕೆ ಬಾಯಿರಲಿಲ್ವಾ?"

"ಗೋಡೆ?" ದೊಡ್ಡವಳು ಎದ್ದು ನಿಂತಳು. "ನಿಮ್ಮ ಕಣ್ಣಿಗೆ ಒಡೆದು ಹೋಗಿದ್ದು ಗೋಡೆ ಮಾತ್ರಾನಾ ಮಾವ? ಇವಳನ್ನ ತಿರುಗಿಸಿ ನೋಡಿ. ತಲೆ ಹಿಂದೆ ಮುಟ್ಟಿ ನೋಡಿ, ಎಷ್ಟು ದಪ್ಪ ಬಂದಿದೆ ಅಂತ!"

ಮೈದುನ ಕೈ ಕಟ್ಟಿ ಕುಳಿತಿದ್ದ. "ಅಪ್ಪಾ, ಸಣ್ಣ ಮಾತಿಗೆ ಮಾತು ಬೆಳೀತು. ಅವಳು ಕಾಲು ಜಾರಿ ಗೋಡೆಗೆ ತಾಗಿದ್ಲು. ಅತ್ತಿಗೆಗೆ ನಿದ್ದೆ ಇಲ್ಲ, ತಲೆ ಕೆಟ್ಟಿದೆ. ಅವರ ತಪ್ಪೂ ಅಲ್ಲ."

"ಎರಡು ಸಲ ಜಾರಿದ್ಲಾ?" ಅಂದಳು ದೊಡ್ಡವಳು. "ಭಾನುವಾರ ಕಳೀಲಿ ಅಂದಿದ್ದು ಯಾರು? ಗೋಡೆ ದಪ್ಪ ಆಗ್ಲಿ ಅಂದಿದ್ದು ಯಾರು? ನಾನು ಪಕ್ಕದಲ್ಲೇ ಬಿದ್ದಿದ್ದೆನಪ್ಪ. ನೀನು ಉಸಿರು ಬಿಟ್ಟಿದ್ದೂ ಕೇಳಿಸ್ತು."

ಅವನ ಮುಖದ ಮೇಲಿನ ನಗು ಅಲ್ಲೇ ಒಣಗಿತು. ಅತ್ತೆ ಸೆರಗಿಗೆ ಮುಖ ಒತ್ತಿಕೊಂಡು ಅಳತೊಡಗಿದರು.

"ಇಲ್ಲಿಗೆ ಬಂದ್ರೆ, ನಮ್ಮ ಕಣ್ಣ ಮುಂದೆ ಇದ್ರೆ ಸರಿಹೋಗ್ತಾನೆ ಅಂದ್ಕೊಂಡೆ. ನಾನೇ ಕರೆಸಿಕೊಂಡೆ..."

ದೊಡ್ಡವಳು ಅತ್ತೆಯ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಆ ಮನೆ ಓನರು ಫೋನ್ ಮಾಡಿದ್ರು. ಪಕ್ಕದವರೆಲ್ಲ ದೂರು ಕೊಟ್ಟಿದ್ರಂತೆ, ರಾತ್ರಿ ಗಲಾಟೆ ಅಂತ. ಖಾಲಿ ಮಾಡಿ ಅಂದ್ರಂತೆ. ಯಾರಿಗೆ ಹೇಳ್ಲಿ? ಮನೆ ಮಾನ..."

"ಅದಕ್ಕೆ ತೆಳುವೇ ಸಾಕು ಅಂದ್ರಿ. ಗೊತ್ತಿದ್ದೂ ಬಾಯಿ ಮುಚ್ಕೊಂಡು, ಗೋಡೆಯನ್ನ ಕಾವಲಿಗೆ ನಿಲ್ಲಿಸಿದ್ರಿ. ನಾನು ಇವಳನ್ನ ದಿನಾ ಬೈತಿದ್ದೆ. ನಿಮ್ಮ ಕಣ್ಣೆದುರಿಗೇ ಬೈತಿದ್ದೆ. ಆಗಲಾದ್ರೂ ಒಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ ನಿಮಗೆ?"

"ಹೆತ್ತ ಹೊಟ್ಟೆ ಕಣೇ..."

"ಇವಳನ್ನೂ ಒಂದು ಹೊಟ್ಟೇನೇ ಹೆತ್ತಿರೋದು!"

"ಸಾಕು!" ಮಾವ ಗದರಿದರು. "ಮನೆ ಅಂದ ಮೇಲೆ ನೂರು ಇರತ್ತೆ. ನಾನು ಅವನಿಗೆ ಬುದ್ಧಿ ಹೇಳ್ತೀನಿ. ಬೀದಿಗೆ ಗೊತ್ತಾದ್ರೆ ನಮ್ಮ ಮಾನ ಏನಾಗ್ಬೇಕು?"

ಆಗ ಚಿಕ್ಕವಳು ತಲೆ ಎತ್ತಿದಳು. "ಮಾವ, ನಾನು ತೆಳು ಬೋರ್ಡ್ ಬೇಕು ಅಂದಾಗ ಭೇಷ್ ಅಂದ್ರಿ. ಯಾಕೆ ಬೇಕು ಅಂತ ಕೇಳಿದ್ರಾ? ಈ ಮನೇಲಿ ಒಬ್ಬರಾದ್ರೂ ಕೇಳಿದ್ರಾ?"

ದೊಡ್ಡವಳ ಮುಖಕ್ಕೆ ಕೆನ್ನೆಗೆ ಹೊಡೆದಷ್ಟು ಬಿಸಿ ಏರಿತು. ಕೇಳಿದ್ದಳು ಅವಳು. ಕೇಳಿ, ಉತ್ತರ ಕೇಳಿಸಿಕೊಳ್ಳುವ ಮೊದಲೇ ಸಿಟ್ಟಾಗಿದ್ದಳು.

"ನಿನ್ನೆ ಸಂಜೆ ಇವನಿಗೆ ನಿನ್ನ ಮೇಲೆ ಚಾಡಿ ಹೇಳಿದ್ದು ನಾನು," ಅಂದಳು ಅವಳು ಚಿಕ್ಕವಳಿಗೆ, ಎಲ್ಲರ ಮುಂದೆಯೇ. "ಇವತ್ತಿನ ಏಟು ನನ್ನಿಂದ ಬಿದ್ದಿದ್ದು. ಏಳು, ಚಪ್ಪಲಿ ಹಾಕ್ಕೋ. ಮೊದಲು ಆಸ್ಪತ್ರೆ, ಆಮೇಲೆ ಸ್ಟೇಷನ್."

"ಸ್ಟೇಷನ್ನಾ?" ಅತ್ತೆ ಚೀರಿದರು. "ಲೋ ದೊಡ್ಡವನೇ, ನಿನ್ನ ಹೆಂಡತೀನ ತಡಿಯೋ!"

ಗಂಡ ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಈಗಲೂ "ನೋಡೋಣ" ಅನ್ನುತ್ತಾನೆ ಅಂದುಕೊಂಡಳು ದೊಡ್ಡವಳು. ಅವನು ಮಹಡಿ ಹತ್ತಿ ಹೋದ. ಮೇಲಿನಿಂದ ಬೀರು ತೆಗೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ತಮ್ಮನ ಬಟ್ಟೆಯನ್ನು ಒಂದು ಬ್ಯಾಗಿಗೆ ತುರುಕಿ ತಂದು ಅವನ ಕಾಲ ಬಳಿ ಹಾಕಿದ.

"ಇವರು ವಾಪಸ್ ಬರೋದ್ರೊಳಗೆ ನೀನು ಇಲ್ಲಿರಬಾರದು."

"ಅಣ್ಣಾ, ನೀನೂನಾ?"

"ಪ್ರತಿ ರಾತ್ರಿ ಆ ಗೋಡೆ ಪಕ್ಕ ಮಲಗ್ತಿದ್ದೋನು ನಾನು ಕಣೋ. ನಿನ್ನ ಪಿಸುಮಾತು ಕೇಳಿಸ್ತಿತ್ತು. ಹೆಂಡತಿ ಹತ್ರ ಪ್ರೀತಿಯ ಮಾತಾಡ್ತಿದೀಯ ಅಂದ್ಕೊಂಡು ಮಗ್ಗುಲು ಬದಲಿಸಿ ಮಲಗ್ತಿದ್ದೆ. ಎದ್ದೇಳು. ಇನ್ನೊಂದು ಮಾತಾಡಿದ್ರೆ ನನ್ನ ಕೈ ನಿಲ್ಲಲ್ಲ."

ಮೈದುನ ಹೋದ. ಮೂರು ದಿನ ಮನೆಯಲ್ಲಿ ಯಾರೂ ಒಟ್ಟಿಗೆ ಕೂತು ಉಣ್ಣಲಿಲ್ಲ. ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡಿದ್ದರು, ಅವನನ್ನು ಕರೆಸಿ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಅಷ್ಟಕ್ಕೇ ಬಿಟ್ಟಿದ್ದಕ್ಕೆ ದೊಡ್ಡವಳಿಗೆ ಒಂದು ಸಿಟ್ಟು, ಅಷ್ಟಾದರೂ ಮಾಡಿದ್ದಕ್ಕೆ ಅತ್ತೆಗೆ ಇನ್ನೊಂದು ಸಿಟ್ಟು. ಮಾವ ಟಿವಿ ಹಾಕುತ್ತಿರಲಿಲ್ಲ. ಚಿಕ್ಕವಳು ಮಗಳ ಜೊತೆ ಮಲಗುತ್ತಿದ್ದಳು.

"ನಮ್ಮ ಮನೆ ಮಾನ ಬೀದಿ ಪಾಲಾಯ್ತು," ಅಂತ ಅತ್ತೆ ಒಮ್ಮೆ ಗೊಣಗಿದಾಗ ಮೊಮ್ಮಗಳು ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು: "ಅಜ್ಜಿ, ಚಿಕ್ಕಪ್ಪ ಬಾಡಿಗೆಗಿದ್ದ ಬೀದಿಯವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ನಮ್ಮ ಮನೆಯವರಿಗೆ."

ಭಾನುವಾರ ಬಂತು. ಮೇಸ್ತ್ರಿಗೆ ಬೇಡ ಅಂತ ಹೇಳುವುದು ಯಾರಿಗೂ ನೆನಪಾಗಿರಲಿಲ್ಲ. ಅವನು ಏಣಿ ಹೊತ್ತುಕೊಂಡು ಬಂದು ಮಹಡಿಯ ತೂತು ನೋಡಿ, "ಇದೇನು, ಒಳಗಿಂದ ಲಾರಿ ನುಗ್ಗಿತಾ?" ಅಂದ. ಆಮೇಲೆ ಅಳತೆಯ ಟೇಪು ಬಿಚ್ಚಿದ. ಅದೇ ಹೊತ್ತಿಗೆ ಗೇಟಿನ ಬಳಿ ಮೈದುನ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ.

ಅತ್ತೆ ಅಡುಗೆಮನೆಯಿಂದಲೇ ನೋಡಿದರು. "ಊಟದ ಹೊತ್ತಿಗೆ ಬಂದಿದಾನೆ... ಒಂದು ತುತ್ತು ಉಂಡು ಹೋಗ್ಲಿ."

"ಗೇಟು ದಾಟಿದ್ರೆ ನಾನು ಈ ಮನೇಲಿರಲ್ಲ," ಅಂದಳು ದೊಡ್ಡವಳು. ಮೆಟ್ಟಿಲಿಳಿಯಲು ಹೋದವಳನ್ನು ಚಿಕ್ಕವಳು ತಡೆದಳು.

"ನಾನು ಹೋಗ್ತೀನಿ ಅಕ್ಕ."

ಅವಳು ಗೇಟಿನ ಈಚೆ ನಿಂತಳು. ಅವನು ಆಚೆ. ಎದುರು ಮನೆಯವರು ಸೈಕಲ್ ತೊಳೆಯುತ್ತಿದ್ದರು. ಪಕ್ಕದ ಮನೆಯವಳು ಬಟ್ಟೆ ಹರವುತ್ತಿದ್ದಳು. ಮೈದುನ ಗೇಟಿನ ಮೇಲೆ ಬಗ್ಗಿ, ಅವಳ ಕಿವಿಗಷ್ಟೇ ಬೀಳುವ ಹಾಗೆ ಏನೋ ಹೇಳತೊಡಗಿದ. ತುಟಿಯಲ್ಲಿ ನಗು ಇತ್ತು. ದೂರದಿಂದ ನೋಡಿದವರಿಗೆ ಹೆಂಡತಿಯ ಮುನಿಸು ತಿಳಿಗೊಳಿಸಲು ಬಂದ ಗಂಡನ ಹಾಗೇ ಕಾಣಬೇಕು. ದೊಡ್ಡವಳು ವರಾಂಡದಲ್ಲಿ ಬೋರ್ಡಿಗೆ ಕೈ ಊರಿ ನಿಂತಿದ್ದಳು. ಅವಳಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ.

ಚಿಕ್ಕವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಜೋರಾಗಿ ಹೇಳು," ಅಂದಳು.

ಗಂಡನಿಗೆ ಅವಳು ಏಕವಚನ ಆಡಿದ್ದನ್ನು ಮನೆಯವರು ಕೇಳಿದ್ದು ಅದೇ ಮೊದಲು. ಎದುರು ಮನೆಯವರು ಸೈಕಲ್ಲಿನಿಂದ ತಲೆ ಎತ್ತಿದರು.

"ಏನು ಹುಚ್ಚು ನಿನಗೆ? ಎಲ್ಲ ನೋಡ್ತಿದಾರೆ," ಅಂದ ಅವನು.

"ನೋಡ್ಲಿ. ಈಗ ಹೇಳಿದ್ಯಲ್ಲ, ಅದನ್ನೇ ಹೇಳು. ಬಂದ್ರೆ ಏನು ಮಾಡ್ತೀಯ, ಬರದಿದ್ರೆ ಏನು ಮಾಡ್ತೀಯ, ಹೇಳು. ನಿಮ್ಮಮ್ಮನಿಗೆ ಕೇಳಿಸ್ಲಿ. ನಿಮ್ಮಪ್ಪನಿಗೆ ಕೇಳಿಸ್ಲಿ. ಬೀದಿಗೆಲ್ಲ ಕೇಳಿಸ್ಲಿ. ಜೋರಾಗಿ ಹೇಳು!"

ಅವಳ ದನಿ ಬೀದಿಯ ಆ ಕೊನೆಗೆ ಹೋಗಿ ಮುಟ್ಟಿತು. ಅಂಥ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ಮಾವ ಕೋಣೆಯಿಂದ ಹೊರಗೆ ಬಂದರು. ಅತ್ತೆ ಬಾಗಿಲಲ್ಲಿ ನಿಂತರು. ಬಟ್ಟೆ ಹರವುತ್ತಿದ್ದವಳು ಹಗ್ಗ ಹಿಡಿದುಕೊಂಡೇ ನಿಂತಳು. ಮೈದುನ ಎಲ್ಲರ ಮುಖ ನೋಡಿದ. ಜೋರಾಗಿ ಆಡಬಹುದಾದ ಮಾತು ಅವನ ಹತ್ತಿರ ಒಂದೂ ಇರಲಿಲ್ಲ. ಹಣ್ಣಿನ ಚೀಲವನ್ನು ಗೇಟಿಗೆ ಸಿಕ್ಕಿಸಿ, ಬೈಕ್ ಒದ್ದು, ಹೊರಟುಹೋದ.

ಚಿಕ್ಕವಳು ಚೀಲವನ್ನು ಬಿಚ್ಚಿ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದಳು. ಮಾವ ನಡೆದು ಹೋಗಿ ಗೇಟಿನ ಚಿಲಕ ಹಾಕಿದರು.

"ಅಮ್ಮಾ, ಈಗ ಯಾವುದು ಹಾಕ್ಲಿ?" ಮೇಲಿನಿಂದ ಮೇಸ್ತ್ರಿ ಕೂಗಿದ. "ದಪ್ಪದ್ದಾ, ತೆಳುವಾದ್ದಾ?"

ದೊಡ್ಡವಳು ಚಿಕ್ಕವಳ ಕಡೆ ನೋಡಿದಳು.

"ದಪ್ಪದ್ದೇ ಹಾಕಿ," ಅಂದಳು ಚಿಕ್ಕವಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಮೇಜಿಗೆ ಬಂದರು. ಮೇಲೆ ಸ್ಕ್ರೂ ತಿರುಗಿಸುವ ಮಿಷನ್ನಿನ ಸದ್ದು ನಡೆದೇ ಇತ್ತು. ಅತ್ತೆ ಅನ್ನದ ಪಾತ್ರೆಯನ್ನು ದೊಡ್ಡವಳ ಕಡೆಗೆ ಸರಿಸಿ, "ಹಾಕ್ಕೋ" ಅಂದರು. ದೊಡ್ಡವಳು ಮೊದಲು ಚಿಕ್ಕವಳಿಗೆ ಬಡಿಸಿದಳು, ಆಮೇಲೆ ಮಗಳಿಗೆ, ಗಂಡನಿಗೆ, ಮಾವನಿಗೆ. ಅತ್ತೆಗೂ ಬಡಿಸಿದಳು. ಅವರ ಮುಖ ಮಾತ್ರ ನೋಡಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಸಿಕೊಳ್ಳುವ ಅವಸರವೂ ಅವಳಿಗಿರಲಿಲ್ಲ.